ಕೆಚ್ಚಿದ ಪುಸ್ತಕಗಳು

ನಾನು ನಿವೃತ್ತಳಾದ ದಿನ ಸಭೆಯಲ್ಲಿ ಮಾತಾಡಿದವರೆಲ್ಲ ನನ್ನ ತಾಳ್ಮೆಯನ್ನು ಹೊಗಳಿದರು. ಹಾರ ಹಾಕಿಸಿಕೊಂಡು ಕೂತು ಒಳಗೊಳಗೇ ನಕ್ಕೆ. ತಾಳ್ಮೆ ನನಗಿತ್ತು, ಸುಳ್ಳಲ್ಲ. ಆದರೆ ಅದು ಬೆಕ್ಕು ಬಿಲದ ಮುಂದೆ ಕೂರುವ ತಾಳ್ಮೆ. ನಾಲ್ಕು ತಿಂಗಳು ಹಾಗೆ ಕೂತಿದ್ದೆ ಒಂದು ಸಲ, ಒಬ್ಬ ಮನುಷ್ಯನಿಗಾಗಿ. ಆ ನಾಲ್ಕು ತಿಂಗಳ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಆರಂಭದ ವರ್ಷಗಳು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳ ನಡುವೆ ಇದ್ದ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಕೈಕೆಲಸ ಹೇಳಿಕೊಡುತ್ತಿದ್ದೆ. ಕಿಟಕಿ ಮುಚ್ಚಿದರೂ ಮಗ್ಗದ ಸದ್ದು ಒಳಗೆ ಬರುತ್ತಿತ್ತು. ಕರೆಂಟು ಹೋದಾಗ ಮಾತ್ರ ನನ್ನ ಪಾಠ ಹಿಂದಿನ ಬೆಂಚಿಗೆ ಮುಟ್ಟುತ್ತಿತ್ತು. ಒಂದು ದಿನ ಜಾಂಬಿಯಾ ದೇಶದಿಂದ ನೀಲಿ ಕಾಗದ ಬಂತು. ನನ್ನ ಜೊತೆ ಟ್ರೈನಿಂಗ್ ಮುಗಿಸಿದ ಗೆಳತಿ ಗಂಡನೊಡನೆ ಅಲ್ಲಿಗೆ ಹೋಗಿ ಹಳ್ಳಿಯೊಂದರ ಶಾಲೆಯಲ್ಲಿ ಟೀಚರಾಗಿದ್ದಳು. ಇಡೀ ತರಗತಿಗೆ ಒಂದೇ ರೀಡರು, ಅದನ್ನು ನಡುವೆ ಇಟ್ಟುಕೊಂಡು ಮಕ್ಕಳು ಸುತ್ತ ಕೂರುತ್ತಾರೆ, ಎದುರು ಕೂತವರು ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನೇ ಕಲಿತುಬಿಟ್ಟಿದ್ದಾರೆ ಎಂದು ಬರೆದಿದ್ದಳು. ಅದನ್ನು ಆರನೇ ತರಗತಿಗೆ ಓದಿ ಹೇಳಿದೆ. ಮಕ್ಕಳೆಲ್ಲ ತಮ್ಮ ಪುಸ್ತಕ ತಿರುಗಿಸಿ ತಲೆಕೆಳಗಾಗಿ ಓದಲು ನೋಡಿದರು. ಆಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಟೀಚರ್, ನಾವೇ ಪುಸ್ತಕ ಎತ್ತಿ ಕಳ್ಸಿದ್ರೆ?"

ಅಲ್ಲಿಂದ ಶುರು. ಮೊದಲ ಸಲ ಮನೆಮನೆಗೆ ಹೊರಟಿದ್ದು ಶುಕ್ರವಾರ ಮಧ್ಯಾಹ್ನ, ಹೆಡ್‌ಮಾಸ್ಟರು ಬಿಡುವು ಕೊಟ್ಟಿದ್ದು ಅದೊಂದೇ ಹೊತ್ತು. ಮೂವತ್ತು ಮಕ್ಕಳು ಹೋಗಿ ಬರಿಗೈಯಲ್ಲಿ ಬಂದರು. ಶುಕ್ರವಾರ ಮನೆಯಿಂದ ಏನನ್ನೂ ಆಚೆ ಕೊಡುವುದಿಲ್ಲ, ಅದರಲ್ಲೂ ಸರಸ್ವತಿಯನ್ನು ಕೊಡುತ್ತಾರೆಯೇ? ನನಗೆ ಮೊದಲೇ ಹೊಳೆಯಬೇಕಿತ್ತು. ಮುಂದಿನ ಸಲ ಅಮಾವಾಸ್ಯೆಯ ದಿನ ಹೋದೆವು. ಅಂದು ಮಗ್ಗಗಳಿಗೆ ರಜ, ಗಂಡಸರು ಜಗಲಿಯ ಮೇಲೆ ಇರುತ್ತಾರೆ, ಕೂಗಿದರೆ ಕೇಳಿಸುತ್ತದೆ. ಎಸ್ಸೆಸ್ಸೆಲ್ಸಿ ಫೇಲಾದ ಅಣ್ಣಂದಿರ ಇಂಗ್ಲಿಷ್ ಪುಸ್ತಕಗಳು ಅಟ್ಟದಿಂದ ಇಳಿದವು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪಂದಿರು ಹಳೆ ಪುಸ್ತಕದ ಅಂಗಡಿಗಳಿಂದ ಚಿತ್ರಕಥೆ, ಭೂಪಟ, ವಿಜ್ಞಾನದ ಪುಸ್ತಕ ತಂದರು. ಹಡಗಿನ ಖರ್ಚಿಗೆ ಮಕ್ಕಳು ಶಾಲೆ ಬಿಟ್ಟ ಮೇಲೆ ಕಂಡಿಕೆ ಸುತ್ತಿದರು. ಲಾಳಿಯೊಳಗೆ ಕೂರುವ ಆ ಪುಟ್ಟ ಕಡ್ಡಿಗೆ ದಾರ ಸುತ್ತುವುದು ಅವರಿಗೆ ನಡೆಯಲು ಕಲಿತಷ್ಟೇ ಹಳೆಯ ಕೆಲಸ. ಮನೆಗೆ ಸುತ್ತುವುದು ಮುಗಿದ ಮೇಲೆ ಪಕ್ಕದ ಮನೆಗೆ ಸುತ್ತಿ, ಸಿಕ್ಕ ಚಿಲ್ಲರೆಯನ್ನು ನನ್ನ ಮೇಜಿನ ಡಬ್ಬಿಗೆ ಹಾಕುತ್ತಿದ್ದರು. ಮೂರು ಅಮಾವಾಸ್ಯೆಗಳಲ್ಲಿ ಇನ್ನೂರ ಹದಿನಾಲ್ಕು ಪುಸ್ತಕಗಳಾದವು.

ಅರ್ಧಕ್ಕರ್ಧ ಹರಿದಿದ್ದವು. ಹಾಳೆಗಳು ಹೊಲಿಗೆ ಬಿಟ್ಟು ಉದುರುತ್ತಿದ್ದವು. ಇನ್ನೊಬ್ಬರ ಮಕ್ಕಳಿಗೆ ಚಿಂದಿ ಕಳಿಸುವುದು ನನ್ನ ಮನಸ್ಸಿಗೆ ಬರಲಿಲ್ಲ. ಕೈಕೆಲಸದ ಪಿರಿಯಡ್ಡಿನಲ್ಲಿ ಎಲ್ಲವನ್ನೂ ಹೊಲಿದು ಗಟ್ಟಿ ಮಾಡೋಣ ಎಂದೆ. ದಾರಕ್ಕೆ ದುಡ್ಡಿರಲಿಲ್ಲ. ಮಕ್ಕಳು ಮಗ್ಗದ ಕೆಳಗೆ ಬಿದ್ದ ತುಂಡು ರೇಷ್ಮೆ ತಂದರು, ಗುಲಾಬಿ, ಹಸಿರು, ಅರಿಸಿನ ಬಣ್ಣದ್ದು, ಒಂದೊಂದು ಒಂದೂವರೆ ಗೇಣು. ಆ ಕೆಲಸಕ್ಕೆ ಮುಂದಿನ ಬೆಂಚಿನ ಹುಡುಗಿಯ ಅಜ್ಜಿಯೂ ಬೀದಿಯ ಏಳೆಂಟು ಹೆಂಗಸರೂ ಬಂದರು.

ಅಜ್ಜಿ ಬೀದಿಗೆಲ್ಲ ಅಚ್ಚು ಕೆಚ್ಚುವವರು. ಮಗ್ಗದ ಮೇಲಿನ ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎರಡು ತುದಿ ಹಿಡಿದು, ಬೆರಳು ಒದ್ದೆ ಮಾಡಿ, ಹುರಿ ಕೊಟ್ಟು ಮಡಚಿ ಬಿಡುವುದು. ಗಂಟಿಲ್ಲ. ಪುಸ್ತಕ ಹೊಲಿಯುವಾಗ ದಾರ ಸಾಲದೆ ಬಂದಲ್ಲೆಲ್ಲ ಆ ಹೆಂಗಸರು ಹಾಗೇ ಕೆಚ್ಚಿದರು. ಅವರನ್ನು ನೋಡಿ ಮಕ್ಕಳೂ ಅದನ್ನೇ ಮಾಡಿದರು. ನನಗೆ ರೇಗಿತು.

"ಗಂಟು ಹಾಕ್ರಮ್ಮ! ಹಿಂಗೆ ಹೊಸೆದ್ರೆ ಹಡಗು ಹತ್ತೋದ್ರೊಳಗೆ ಬಿಟ್ಕೊಳ್ಳುತ್ತೆ."

"ಗಂಟು ಹಾಕಿದ್ರೆ ಹಣಿಗೇಲಿ ಸಿಕ್ಕಾಕ್ಕೊಳ್ಳುತ್ತೆ ಟೀಚರಮ್ಮ," ಎಂದರು ಅಜ್ಜಿ. ಮಗ್ಗದಲ್ಲಿ ಎಳೆಗಳು ತೂರಿ ಹೋಗುವ ಬಾಚಣಿಗೆಗೆ ಹಣಿಗೆ ಎನ್ನುತ್ತಾರೆ.

"ಪುಸ್ತಕಕ್ಕೆಲ್ಲಿಂದ ಬಂತಜ್ಜಿ ಹಣಿಗೆ?"

ಹೆಂಗಸರೆಲ್ಲ ಬಾಯಿಗೆ ಸೆರಗು ಮುಚ್ಚಿ ನಕ್ಕರು. ಆದರೆ ಕೈ ಕೇಳಲಿಲ್ಲ. ಹುಟ್ಟಿದಾಗಿನಿಂದ ಗಂಟನ್ನು ಪಾಪವೆಂದು ತಿಳಿದ ಬೆರಳುಗಳು, ಗಂಟು ಹಾಕೆಂದರೆ ಹೇಗೆ ಹಾಕಿಯಾವು? ಅಜ್ಜಿ ನನ್ನ ಸಮಾಧಾನಕ್ಕೆ ಪ್ರತಿ ಕೆಚ್ಚಿನ ಮೇಲೂ ಅಕ್ಕಿಗಂಜಿ ಸವರಿದರು. ಆ ವಾರವಿಡೀ ನಾನು ಅದನ್ನು ದಡ್ಡತನವೆಂದೇ ಗೊಣಗಿದೆ.

ಮೊದಲ ಪುಟದಲ್ಲಿ ಕೊಟ್ಟ ಮಗುವಿನ ಹೆಸರು, ಊರು ಬರೆಸಿದೆವು. ದೇವದಾರು ಪೆಟ್ಟಿಗೆಗೆ ಮೇಣದ ಕಾಗದ ಹಾಸಿ, ಹುಳು ಬೀಳದಂತೆ ಒಣಗಿದ ಬೇವಿನ ಸೊಪ್ಪು ಹರಡಿದೆವು. ಪುಸ್ತಕಗಳ ಪಟ್ಟಿಯನ್ನು ತಾಲ್ಲೂಕು ಕಚೇರಿಯ ಟೈಪಿಸ್ಟರಿಂದ ಮೂರು ಪ್ರತಿ ಹೊಡೆಸಿದೆ. ಒಂದು ಪೆಟ್ಟಿಗೆಯೊಳಗೆ, ಒಂದು ಬೊಂಬಾಯಿಯ ಹಡಗಿನವರಿಗೆ, ಕಾರ್ಬನ್ ಪ್ರತಿ ನನಗೆ.

ಈಗ ಅಧ್ಯಕ್ಷರು ಬರುತ್ತಾರೆ. ಅವರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ನೂಲಿನ ವ್ಯಾಪಾರಿ. ಅದೇ ವರ್ಷ ತಮ್ಮ ಕಟ್ಟಡದಲ್ಲೇ ಒಂದು ಇಂಗ್ಲಿಷ್ ಸ್ಕೂಲನ್ನೂ ಶುರು ಮಾಡಿದ್ದರು. ಇಲ್ಲಿ ಬಹುವಚನ ಕೊಟ್ಟು ಬರೆಯುತ್ತಿದ್ದೇನೆ; ಮನಸ್ಸಿನಲ್ಲಿ ಯಾವತ್ತೂ ಕೊಟ್ಟವಳಲ್ಲ. ಪೆಟ್ಟಿಗೆ ಸಾಗಿಸಲು ಅವರೇ ಮುಂದೆ ಬಂದರು. "ನಮ್ ವ್ಯಾನ್ ಐತೆ, ಬೊಂಬಾಯಲ್ಲಿ ನಮ್ ಏಜೆಂಟ್ ಅವ್ನೆ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?" ಎಂದರು. ಹೆಡ್‌ಮಾಸ್ಟರಿಗೆ ಕಣ್ಣಲ್ಲಿ ನೀರೇ ಬಂತು. ಬೀಳ್ಕೊಡುವ ದಿನ ಫೋಟೋದವನನ್ನು ಕರೆಸಿದರು. ಪೆಟ್ಟಿಗೆಯ ಪಕ್ಕದಲ್ಲಿ ಅಧ್ಯಕ್ಷರು, ಸಮಿತಿಯವರು. ಮಕ್ಕಳು ಬಿಸಿಲಲ್ಲಿ, ಫೋಟೋದ ಆಚೆ. ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದೆ. ಒಬ್ಬ ಹುಡುಗಿ ಓಡಿಬಂದು ಮೇಲಿದ್ದ ಪುಸ್ತಕವನ್ನು ಕೊನೆಯ ಸಲ ಎಂಬಂತೆ ಮುಟ್ಟಿದಳು.

"ಏಯ್, ಮುಟ್ಟಬೇಡ. ಕಂಡಿಕೆ ಸುತ್ತೋ ಎಣ್ಣೆ ಕೈ, ಮುಟ್ಟಿದ್ದೆಲ್ಲ ಕಲೆ ಆಗುತ್ತೆ," ಎಂದರು ಅಧ್ಯಕ್ಷರು. ನನ್ನ ಕಡೆ ತಿರುಗಿ, "ಇವಕ್ಕೆಲ್ಲ ಇಂಗ್ಲಿಷ್ ಪುಸ್ತಕ ಯಾಕ್ ತೋರಿಸ್ತೀರಾ ಟೀಚರಮ್ಮ? ಆಸೆ ಹುಟ್ಸಿದ್ರೆ ತೀರ್ಸೋರು ಯಾರು?" ಎಂದು ನಕ್ಕರು. ಸಮಿತಿಯವರೂ ನಕ್ಕರು. ಆ ಪುಸ್ತಕ ಹೊಲಿದಿದ್ದೇ ಆ ಕೈ. ಮೂವತ್ತು ಮಕ್ಕಳು ತಮ್ಮ ಅಂಗೈಗಳನ್ನು ನೋಡಿಕೊಂಡರು. ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಆ ಮೌನಕ್ಕೆ ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ.

ಐದು ತಿಂಗಳ ಮೇಲೆ ಗೆಳತಿಯ ಕಾಗದ ಬಂತು. ಪೆಟ್ಟಿಗೆ ಹಡಗಿಳಿದು, ಲಾರಿ ಹತ್ತಿ ಶಾಲೆಗೆ ಬಂತಂತೆ. ಮಕ್ಕಳು ಹಾಡು ಹೇಳಿ ಬರಮಾಡಿಕೊಂಡರಂತೆ. ಮುಚ್ಚಳ ತೆಗೆದರೆ ಒಳಗೆ ಸೀರೆಗೆ ಹೂಬಳ್ಳಿ ಮೂಡಿಸುವ ಜಕಾರ್ಡ್ ಮಗ್ಗದ ಹಳೆಯ ತೂತು ರಟ್ಟುಗಳು ಮತ್ತು ಹೋದ ವರ್ಷಗಳ ಕ್ಯಾಲೆಂಡರುಗಳು. "ಎಲ್ಲೋ ಪೆಟ್ಟಿಗೆ ಅದಲುಬದಲಾಗಿರಬೇಕು. ಮಕ್ಕಳು ರಟ್ಟಿನ ತೂತುಗಳಲ್ಲಿ ಒಬ್ಬರನ್ನೊಬ್ಬರು ಇಣುಕಿ ಆಡುತ್ತಿದ್ದಾರೆ, ಬೇಜಾರಿಲ್ಲ. ನಿನ್ನ ಮಕ್ಕಳಿಗೆ ಮಾತ್ರ ಹೇಳಬೇಡ, ನೊಂದುಕೊಂಡಾರು," ಎಂದು ಬರೆದಿದ್ದಳು. ತೂತು ರಟ್ಟು ಬೊಂಬಾಯಿ ಬಂದರಿನಲ್ಲಿ ಎಲ್ಲಿ ಸಿಗುತ್ತದೆ? ಅದು ದೊಡ್ಡಬಳ್ಳಾಪುರದ ಸರಕು.

ಅದೇ ವಾರ ಹೆಡ್‌ಮಾಸ್ಟರು ನನ್ನನ್ನು ಯಾವುದೋ ಸಹಿ ಬೇಕೆಂದು ಇಂಗ್ಲಿಷ್ ಸ್ಕೂಲಿಗೆ ಕಳಿಸಿದರು. ಅಲ್ಲಿ ಹೊಸ ಗಾಜಿನ ಬೀರು. ಒಳಗೆ ಸಾಲಾಗಿ ಪುಸ್ತಕಗಳು, ಎಲ್ಲಕ್ಕೂ ಖಾಕಿ ಕಾಗದದ ಹೊದಿಕೆ, ಮೇಲೆ ಸ್ಕೂಲಿನ ಸೀಲು. ಬೀಗ ತೆಗೆದಿತ್ತು. ಒಂದು ವಿಜ್ಞಾನದ ಪುಸ್ತಕ ಎತ್ತಿಕೊಂಡು ತೆರೆದೆ. ಮೊದಲ ಪುಟ ಹರಿದಿತ್ತು. ನಡುವಿನ ಮಡಿಕೆಯಲ್ಲಿ ಗುಲಾಬಿ ರೇಷ್ಮೆ.

ನೇರ ಹೆಡ್‌ಮಾಸ್ಟರ ಬಳಿ ಬಂದು ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಪಟ್ಟೀಲಿರೋ ಹೆಸರಿನ ಪುಸ್ತಕ ಅವರ ಹತ್ರ ಇರಬಾರ್ದು ಅಂತ ಐತೇನಮ್ಮ? ಬೆಂಗಳೂರಲ್ಲಿ ಎಲ್ಲ ಅಂಗಡೀಲೂ ಸಿಗುತ್ತೆ."

"ದಾರ ಇದೆಯಲ್ಲ ಸಾರ್, ನಮ್ಮ ದಾರ."

"ಈ ಊರಲ್ಲಿ ದಾರಕ್ಕೇನ್ ಬರವಾ? ಅದೂ ಅವರು ನೂಲಿನ ವ್ಯಾಪಾರಿ. ದಾರ ಸಾಕ್ಷಿ ಹೇಳುತ್ತಾ? ಸುಮ್ನಿರಿ, ನಿಮ್ಮನ್ನ ಎಲ್ಲಿಗಾದ್ರೂ ಎತ್ತಾಕ್ತಾರೆ."

ಹೇಡಿ ಮನುಷ್ಯ. ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಆ ಪ್ರಶ್ನೆಯನ್ನೇ ಸಂಜೆ ಅಜ್ಜಿಯ ಮುಂದಿಟ್ಟೆ. ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ದಾರ ಎಲ್ಲಾರ್ದೂ ಒಂದೇ ಕಣಮ್ಮ. ಕೆಚ್ಚು ಒಂದೇ ಅಲ್ಲ. ಮಗ್ಗದ್ ಮೇಲೆ ಎಳೆ ಬಿಟ್ಕೊಂಡ್ರೆ ಯಜಮಾನ ಬಂದು ಯಾರ್ ಕೈ ಇದು ಅಂತಾನೆ. ನಾವು ನೋಡಿ ಹೇಳ್ತೀವಿ. ನಾನು ಬಲಕ್ಕೆ ಹುರಿ ಕೊಡೋದು, ಬಾಲ ಅಕ್ಕಿಕಾಳಷ್ಟು ಬಿಡೋದು. ಮೂಲೆ ಮನೆಯೋಳು ಎಡಗೈನೋಳು, ಅವಳ ಹುರಿ ಉಲ್ಟಾ. ನನ್ ಮೊಮ್ಮಗಳು ಬೆರಳು ಒದ್ದೇನೇ ಮಾಡಲ್ಲ ಸೋಂಬೇರಿ, ಅವಳದ್ದು ಪಿರಿಪಿರಿ ಅಂತ ಬಿಟ್ಕೊಂಡಿರುತ್ತೆ."

ಗಂಟು ಹಾಕಿ ಎಂದು ನಾನು ಬೈದಿದ್ದೆ. ಹಾಕಿದ್ದರೆ ಎಲ್ಲ ಗಂಟೂ ಒಂದೇ ಆಗಿರುತ್ತಿತ್ತು. ಅಧ್ಯಕ್ಷರು ಹೆಸರಿದ್ದ ಪುಟ ಹರಿದರು, ಹೊದಿಕೆ ಹಾಕಿದರು, ಸೀಲು ಹೊಡೆದರು. ಹೊಲಿಗೆಯನ್ನು ಮಾತ್ರ ಹಾಗೇ ಬಿಟ್ಟರು. ನೂಲನ್ನು ಕಟ್ಟು ಲೆಕ್ಕದಲ್ಲಿ ಮಾರಿದವರೇ ಹೊರತು ಒಂದು ಎಳೆಯನ್ನಾದರೂ ಕೆಚ್ಚಿದವರಲ್ಲ. ಎಳೆಯ ಮೇಲೂ ಹೆಸರಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಆ ಸಂಜೆ ತೀರ್ಮಾನಿಸಿದೆ. ದೂರು ಕೊಡುವುದಿಲ್ಲ. ದೂರು ಕೊಟ್ಟರೆ ಬೀರು ಖಾಲಿಯಾಗುತ್ತದೆ, ಪುಸ್ತಕ ಯಾವುದೋ ಗೋಡೌನು ಸೇರುತ್ತದೆ, ನಾನು ಯಾವುದೋ ಗಡಿಗ್ರಾಮ ಸೇರುತ್ತೇನೆ, ಜಾಂಬಿಯಾದ ಮಕ್ಕಳು ತೂತು ರಟ್ಟು ನೋಡುತ್ತಲೇ ಇರುತ್ತಾರೆ. ಆ ಮನುಷ್ಯ ಮಕ್ಕಳ ಮಾನ ಕಳೆದದ್ದು ಹತ್ತು ಜನರ ಮುಂದೆ. ಅಧ್ಯಕ್ಷರ ಮಾನವೂ ಜನರ ಮುಂದೆಯೇ ಹೋಗಬೇಕು, ನೂರು ಜನರ ಮುಂದೆ.

ಮುಂದಿನ ನಾಲ್ಕು ತಿಂಗಳು ನಾನು ಸಾಧುವಾದೆ. ಸಮಿತಿಯ ಸಭೆಯಲ್ಲಿ ಅಧ್ಯಕ್ಷರಿಗೆ ನಾನೇ ಕಾಫಿ ಕೊಟ್ಟೆ. ಪೆಟ್ಟಿಗೆ ತಲುಪಿತೇ ಎಂದು ಕೇಳಿದಾಗ, "ತಲುಪಿದೆಯಂತೆ ಸಾರ್, ಮಕ್ಕಳು ನೋಡಿ ನೋಡಿ ಆಡ್ತಿದಾರಂತೆ" ಎಂದೆ. ಒಂದಕ್ಷರವೂ ಸುಳ್ಳಲ್ಲ. ಅವರ ಮುಖ ಅರಳಿದ್ದನ್ನು ನೋಡಿ ನನಗಾದ ಖುಷಿಯನ್ನು ಇಲ್ಲಿ ಬರೆಯದೆ ಬಿಟ್ಟರೆ ಮೋಸ ಮಾಡಿದಂತಾಗುತ್ತದೆ. ರಾತ್ರಿ ಮಲಗುವಾಗ ದೇವರ ಶ್ಲೋಕದ ಬದಲು ಅವರ ಮಾತನ್ನೇ ಹೇಳಿಕೊಳ್ಳುತ್ತಿದ್ದೆ: ಎಣ್ಣೆ ಕೈ, ಎಣ್ಣೆ ಕೈ.

ನಡುವೆ ತಾಲೀಮು. ಇನ್ನೂ ಹತ್ತು ಹಳೆ ಪುಸ್ತಕಗಳನ್ನು ಹೊಲಿಸಿ, ಯಾವುದು ಯಾರದೆಂದು ನಾನು ಬರೆದಿಟ್ಟುಕೊಂಡು, ಅಜ್ಜಿಯ ಕೈಗೆ ಕೊಟ್ಟೆ. ಮೊದಲ ಸಲ ಹತ್ತರಲ್ಲಿ ಮೂರು ತಪ್ಪಿತು. ಏಕೆಂದು ನೋಡಿದರೆ ಅಜ್ಜಿ ಪುಸ್ತಕದ ಬೆನ್ನನ್ನು ಸವರಿ ಹೇಳುತ್ತಿದ್ದರು. ಅಲ್ಲಿ ನಾನು ಹಚ್ಚಿದ್ದ ಅಂಟು ಕೂತು ಹುರಿ ಮುಚ್ಚಿತ್ತು. ಒಳಗಿನ ಮಡಿಕೆ ತೆರೆದು, ಗಂಜಿಯನ್ನು ಉಗುರಿನಿಂದ ಕೆರೆದು ನೋಡಬೇಕೆಂದು ಗೊತ್ತಾಯಿತು. ಎರಡನೇ ಸಲ ಹತ್ತಕ್ಕೆ ಹತ್ತು. ಉಳಿದ ಹೆಂಗಸರಿಗೂ ಬೇರೆ ಬೇರೆ ದಿನ ಹಾಗೇ ಮಾಡಿಸಿದೆ. ತಮ್ಮ ಕೈಯನ್ನು ಒಬ್ಬರೂ ತಪ್ಪಲಿಲ್ಲ. ಮಕ್ಕಳಿಗೆ ಏನನ್ನೂ ಹೇಳಲಿಲ್ಲ.

ಇಂಗ್ಲಿಷ್ ಸ್ಕೂಲಿನ ಗ್ರಂಥಾಲಯ ಉದ್ಘಾಟನೆ ಗೊತ್ತಾಯಿತು. ಬೆಂಗಳೂರಿನಿಂದ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ನಾನು ಅಧ್ಯಕ್ಷರ ಬಳಿ ಹೋಗಿ ಕೈಕಟ್ಟಿ ನಿಂತೆ. ನಮ್ಮ ಮಕ್ಕಳಿಂದ ಸ್ವಾಗತಗೀತೆ ಹಾಡಿಸಲೇ, ನೋಡಲು ಅವರ ಮನೆಯ ಹೆಂಗಸರೂ ಬರಲೇ ಎಂದು ಕೇಳಿದೆ. ಜನ ಸೇರುತ್ತಾರೆಂದು ಅವರಿಗೆ ಸಂತೋಷ. "ಕೈ ತೊಳ್ಕೊಂಡು ಬರಕ್ ಹೇಳಿ," ಎಂದು ತಮಾಷೆ ಮಾಡಿದರು. ಆಗಲಿ ಸಾರ್ ಎಂದೆ.

ಆ ದಿನ ಅಂಗಳ ತುಂಬಿತ್ತು. ಹಾಡು ಮುಗಿಯಿತು. ಸಾಹೇಬರು ರಿಬ್ಬನ್ ಕತ್ತರಿಸಿ ಬೀರು ತೆರೆದರು. ನಾನು ಹೇಳಿಕೊಟ್ಟಂತೆ ಅಜ್ಜಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದರು. ಹೊಸ ಪುಸ್ತಕಕ್ಕೆ ಕುಂಕುಮ ಇಡುವವರನ್ನು ಯಾರು ತಡೆಯುತ್ತಾರೆ? ಒಂದು ಪುಸ್ತಕ ತೆಗೆದು ನಡುಮಡಿಕೆ ಬಿಡಿಸಿ, ಉಗುರಿನಿಂದ ಕೆರೆದು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇದು ನನ್ ಕೈ."

ಇನ್ನೊಂದು ತೆಗೆದರು. "ಇದು ಮೂಲೆ ಮನೆಯೋಳ್ದು. ಇದು ನನ್ ಮೊಮ್ಮಗಳ್ದು, ಒದ್ದೆ ಮಾಡಿಲ್ಲ ನೋಡಿ. ಇದೂ ನನ್ನದೇ."

ಅಧ್ಯಕ್ಷರು ನಗುತ್ತಲೇ ಬಂದರು. "ಏನಜ್ಜಿ, ಓದಕ್ ಬರಲ್ಲ, ಪುಸ್ತಕ ನಿಂದಾ?"

"ಓದಕ್ ಬರಲ್ಲ ಯಜಮಾನ್ರೇ. ಇದು ಬರುತ್ತೆ."

ಆಗ ನಾನು ಎದ್ದು ನಿಂತೆ. ಕಾರ್ಬನ್ ಪ್ರತಿಯನ್ನೂ ಗೆಳತಿಯ ಕಾಗದವನ್ನೂ ಸಾಹೇಬರ ಮುಂದಿಟ್ಟು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅಧ್ಯಕ್ಷರು ತಾವು ಬೆಂಗಳೂರಿನಲ್ಲಿ ಕೊಂಡದ್ದು ಎಂದರು. ಯಾವ ಅಂಗಡಿ ಎಂದು ಸಾಹೇಬರು ಕೇಳಿದರು. ಹೆಸರು ನೆನಪಿಲ್ಲ ಎಂದರು. ಸಾಹೇಬರು ಅವಸರದ ಮನುಷ್ಯರಲ್ಲ. ಹೆಂಗಸರನ್ನೆಲ್ಲ ಹೊರಗಿನ ಪಡಸಾಲೆಗೆ ಕಳಿಸಿದರು. ತಾವೇ ಐದು ಪುಸ್ತಕ ಆರಿಸಿ, ಯಾವುದು ಯಾರ ಕೈ ಎಂದು ಅಜ್ಜಿಯಿಂದ ಹೇಳಿಸಿ ಚೀಟಿಯಲ್ಲಿ ಬರೆದು ಮಡಚಿಟ್ಟುಕೊಂಡರು. ಆಮೇಲೆ ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಆ ಐದನ್ನೂ ಮುಂದಿಟ್ಟು, "ಇದ್ರಲ್ಲಿ ನಿಮ್ದು ಯಾವ್ದಮ್ಮ?" ಎಂದರು. ಮೂಲೆ ಮನೆಯವಳು ಬಂದು ತನ್ನದನ್ನು ಎತ್ತಿದಳು. ಇನ್ನೊಬ್ಬಳು ಎರಡು ಎತ್ತಿದಳು. ಉಳಿದೆರಡನ್ನು ಬೇರೆ ಇಬ್ಬರು ಗುರುತಿಸಿದರು. ಒಬ್ಬಳು ಐದನ್ನೂ ನೋಡಿ, "ನಂದ್ಯಾವ್ದೂ ಇಲ್ಲ ಸ್ವಾಮಿ," ಎಂದು ಹೊರಟುಹೋದಳು. ಸಾಹೇಬರು ಚೀಟಿ ಬಿಡಿಸಿದರು. ಐದಕ್ಕೆ ಐದೂ ತಾಳೆ.

ಹಣೆಯಿಂದ ಇಳಿದ ಬೆವರನ್ನು ಅಧ್ಯಕ್ಷರು ಜರಿಶಲ್ಯದಲ್ಲಿ ಒರೆಸಿಕೊಂಡರು. ಅದನ್ನು ನಾನು ಕಣ್ತುಂಬ ನೋಡಿದೆ. ಒಂಬತ್ತು ತಿಂಗಳಿಂದ ಹಸಿದಿದ್ದವಳಿಗೆ ಎಲೆ ಹಾಕಿ ಬಡಿಸಿದ ಹಾಗಿತ್ತು.

ಸಾಹೇಬರು ಪೊಲೀಸು ಬೇಡ ಎಂದರು. ಪುಸ್ತಕವೆಲ್ಲ ಹಿಂದಕ್ಕೆ ಬರಬೇಕು, ಎರಡನೇ ಸಲದ ಹಡಗಿನ ಖರ್ಚು ಅಧ್ಯಕ್ಷರೇ ಕೊಡಬೇಕು, ಸಮಿತಿ ಬಿಡಬೇಕು ಎಂದು ತೀರ್ಪು ಹೇಳಿದರು. ಎಲ್ಲರಿಗೂ ಒಪ್ಪಿಗೆಯಾಯಿತು, ನನಗಾಗಲಿಲ್ಲ. "ಇವರು ನಮ್ಮ ತರಗತಿಗೆ ಬಂದು ಮಕ್ಕಳ ಮುಂದೆ ನಿಂತು ಆ ಕಾಗದ ಓದಬೇಕು," ಎಂದೆ. ಹೆಡ್‌ಮಾಸ್ಟರು ನನ್ನ ಸೆರಗು ಎಳೆಯುವುದೊಂದು ಬಾಕಿ. "ಸಾಕು ಬಿಡ್ರಮ್ಮ, ವಯಸ್ಸಾದೋರು," ಎಂದು ಪಿಸುಗುಟ್ಟಿದರು. ನಾನು ಬಿಡಲಿಲ್ಲ.

ಸೋಮವಾರ ಬಂದರು. ಶಲ್ಯ ಇರಲಿಲ್ಲ. ಕಪ್ಪುಹಲಗೆಯ ಮುಂದೆ ನಿಂತು ನನ್ನ ಗೆಳತಿಯ ಕಾಗದ ಓದಿದರು. ತೂತು ರಟ್ಟಿನ ಸಾಲಿಗೆ ಬಂದಾಗ ನಿಂತರು. "ಓದಿ ಸಾರ್," ಎಂದೆ. ನಿನ್ನ ಮಕ್ಕಳಿಗೆ ಹೇಳಬೇಡ ಎಂಬ ಸಾಲನ್ನೂ ಓದಿಸಿದೆ. ಆಮೇಲೆ, "ನಾನು ತಪ್ಪು ಮಾಡ್ದೆ ಮಕ್ಕಳೇ," ಎಂದರು. ಮಕ್ಕಳು ಪೆಚ್ಚಾಗಿ ಕೂತಿದ್ದರು. ಇಷ್ಟು ದೊಡ್ಡವರು ತಮ್ಮ ಮುಂದೆ ತಲೆ ಬಗ್ಗಿಸಿದ್ದನ್ನು ಅವರು ಕಂಡಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದಳು. ಈಗ ಕೇಳುತ್ತಾಳೆ, ಚೆನ್ನಾಗಿ ಕೇಳಲಿ ಎಂದು ನಾನು ಕಾದೆ.

"ಸಾರ್, ನಿಮ್ ಸ್ಕೂಲ್ ಮಕ್ಳು ಓದ್ದಾಗ ನಮ್ ಹೊಲಿಗೆ ಬಿಟ್ಕೊಂಡ್ವಾ?"

"ಇಲ್ಲಮ್ಮ. ಒಂದೂ ಬಿಡಲಿಲ್ಲ," ಎಂದರು.

ತರಗತಿಯೆಲ್ಲ ಸಂಭ್ರಮದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಅಷ್ಟಕ್ಕೇ ಮುಗಿಸಿಬಿಟ್ಟರು! ನನಗೆ ಆ ಹುಡುಗಿಯ ಮೇಲೂ ಸಿಟ್ಟು ಬಂತು. ನಾನು ತಿಂಗಳುಗಟ್ಟಲೆ ಕಾಯಿಸಿದ ಹಾಲನ್ನು ಅವಳು ಒಂದು ಮಾತಿನಲ್ಲಿ ತಣ್ಣಗೆ ಮಾಡಿದ್ದಳು.

ಪುಸ್ತಕಗಳು ಕೈಗಾಡಿಯಲ್ಲಿ ಬಂದವು. ಕಾರ್ಬನ್ ಪ್ರತಿ ಹಿಡಿದು ಗುರುತು ಹಾಕುತ್ತಾ ಹೋದೆ. ಇನ್ನೂರ ಹದಿಮೂರು. ಒಂದು ಕಡಿಮೆ. ಅಧ್ಯಕ್ಷರು ಬಾಗಿಲ ಬಳಿಯೇ ನಿಂತಿದ್ದರು.

"ಅದು ಮನೇಲೈತೆ ಟೀಚರಮ್ಮ. ನಮ್ ಮೊಮ್ಮಗಳು ಕೈ ಬಿಡ್ತಾ ಇಲ್ಲ. ಈಗಿನ್ನ ಓದಕ್ ಕಲೀತಾ ಅವಳೆ. ಅದೊಂದ್ ಬಿಟ್ಬಿಡಿ, ಅದ್ರ ಬದ್ಲು ಹತ್ತು ಹೊಸಾವು ತಂದ್ಕೊಡ್ತೀನಿ. ನಿಮ್ ಕಾಲಿಗ್ ಬೀಳ್ತೀನಿ."

"ಪಟ್ಟೀಲಿ ಇನ್ನೂರ ಹದಿನಾಲ್ಕು ಇದೆ ಸಾರ್," ಎಂದೆ. "ನಡೀರಿ, ನಾನೇ ಬರ್ತೀನಿ."

ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಆರು ವರ್ಷದ ಹುಡುಗಿ, ಎರಡು ಜಡೆ. ತೊಡೆಯ ಮೇಲೆ ಪುಸ್ತಕ. ತಪ್ಪಿಸಿಕೊಂಡ ಕತ್ತೆಮರಿಯೊಂದು ಊರೂರು ಅಲೆಯುವ ಚಿತ್ರಕಥೆ. ಪ್ರತಿ ಪದದ ಕೆಳಗೂ ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದಳು. ಇಂಗ್ಲಿಷ್ ಓದಲು ಕಲಿಯುವ ಮಗು ಹೇಗೆ ಉಸಿರು ಬಿಗಿಹಿಡಿದು ಓದುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಚಾಚಿದೆ. ಅವಳು ತಲೆಯೆತ್ತಿದಳು.

"ಮಿಸ್, ಇನ್ನೊಂದೇ ಪುಟ ಇದೆ. ಕತ್ತೆಮರಿ ಮನೆಗೆ ಬರುತ್ತಾ?"

ಆ ಕೊನೆಯ ಪುಟ ನಮ್ಮ ಕೈಗೆ ಬಂದಾಗ ಬಿಡಿಯಾಗಿತ್ತು, ಅದನ್ನು ಹೊಲಿದು ಸೇರಿಸಿದವಳು ನಾನೇ. ಕತ್ತೆಮರಿ ಬರುತ್ತದೋ ಇಲ್ಲವೋ ನನಗೆ ಗೊತ್ತಿತ್ತು. ಆದರೆ ನಾನು ಆ ಮಗುವಿನ ಮುಖ ನೋಡುತ್ತಿರಲಿಲ್ಲ. ಅವಳ ತಲೆಯ ಮೇಲಿಂದ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಅವಳ ತಾತನ ಮುಖ ನೋಡುತ್ತಿದ್ದೆ. ಅದು ಎಷ್ಟು ಚೆನ್ನಾಗಿ ಮುರಿದಿದೆ ಎಂದು ನೋಡುತ್ತಿದ್ದೆ. ಪುಸ್ತಕ ಮುಚ್ಚಿ ಅವಳ ಕೈಯಿಂದ ಎಳೆದುಕೊಂಡು ಮೆಟ್ಟಿಲಿಳಿದೆ.

"ಬರುತ್ತಾ ಮಿಸ್?" ಎಂದು ಹಿಂದಿನಿಂದ ಇನ್ನೊಂದು ಸಲ ಕೇಳಿದಳು.

ಎರಡನೇ ಪೆಟ್ಟಿಗೆ ಸರಿಯಾಗಿ ತಲುಪಿತು. ಇನ್ನೂರ ಹದಿನಾಲ್ಕೂ ಬಂದಿವೆ, ಮಕ್ಕಳು ಈಗ ನೆಟ್ಟಗೆ ಹಿಡಿದು ಓದುತ್ತಿದ್ದಾರೆ ಎಂದು ಗೆಳತಿ ಬರೆದಳು. ಅಧ್ಯಕ್ಷರಿಗೆ ಮಾಡಿದ್ದಕ್ಕೆ ನನಗೆ ಅಂದೂ ಬೇಸರವಿರಲಿಲ್ಲ, ಇಂದೂ ಇಲ್ಲ. ಇನ್ನೊಮ್ಮೆ ಅವಕಾಶ ಸಿಕ್ಕರೆ ಅಂಗಳದಲ್ಲಿ ಇನ್ನೂ ನೂರು ಜನರನ್ನು ಸೇರಿಸುತ್ತೇನೆ. ಆದರೆ ಆ ಹುಡುಗಿಗೆ ನಾನು ಹೇಳಬೇಕಿದ್ದದ್ದು ಎರಡೇ ಪದ, ಬರುತ್ತೆ ಕಣಮ್ಮ. ಹೇಳಿದ್ದರೆ ನನ್ನ ಸೇಡಿನಲ್ಲಿ ಒಂದೆಳೆಯೂ ಕಡಿಮೆಯಾಗುತ್ತಿರಲಿ‌ಲ್ಲ. ಹೇಳಲಿಲ್ಲ.